ಬತ್ತದ ಬೀಜದಲ್ಲಿ ಹೊಸ ತಿದ್ದುಪಡಿ : ತುಂಗಭದ್ರಾ ಬಯಲಿನ ಗದ್ದೆಗಳಿಗೆ ಅದರ ಪ್ರಯೋಜನ

ತುಂಗಭದ್ರಾ ಜಲಾಶಯದಿಂದ 1953ನೆಯ ಇಸವಿಯಲ್ಲಿ ಕಾಲುವೆಗಳಿಗೆ ನೀರು ಬಿಟ್ಟಂದಿನಿಂದ ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಗಳಲ್ಲಿ ಬತ್ತದ ವ್ಯವಸಾಯವು ಬಹಳವಾಗಿ ಹಬ್ಬಿರುತ್ತದೆ. ಇದರೊಡನೆ ಎರಡು ತೊಂದರೆಗಳೂ ಬೆಳೆದು ಬಂದಿವೆ. ಮೊದಲನೆಯದು ನೀರಿನ ಕೊರತೆ. ಕಟ್ಟಿದಾಗ ಸುಮಾರು 133 ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿದ ಕಾರಣ ಈಗ ಸುಮಾರು 105 ಟಿ.ಎಂ.ಸಿ. ಅಡಿ ಮಾತ್ರ ಹಿಡಿಯುತ್ತದೆ. 2024ನೆಯ ಆಗಸ್ಟ್ 10ರ ರಾತ್ರಿ 19ನೆಯ ತೂಬಿನ ಬಾಗಿಲು ಕೊಚ್ಚಿಹೋಗಿ ನೀರು ಹೊಳೆಯ ಪಾಲಾದುದನ್ನು ಆ ಸೀಮೆಯ ರೈತರು ಮರೆತಿಲ್ಲ. ಎರಡನೆಯದು ಚೌಳು. ಮೇಲುಗಾಲುವೆಯ ಗದ್ದೆಗಳಲ್ಲಿ ಮಿತಿಮೀರಿ ನಿಲ್ಲಿಸಿದ ನೀರು ಎರೆಭೂಮಿಯೊಳಗೆ ಇಳಿದು ತಗ್ಗಿನ ಜಮೀನುಗಳಲ್ಲಿ ಜೌಗಾಗಿ ಮೇಲೇಳುತ್ತದೆ. ಬಿಸಿಲಿಗೆ ನೀರು ಆರಿದ ಮೇಲೆ ಉಪ್ಪು ನೆಲದ ಮೇಲೆ ಉಳಿಯುತ್ತದೆ.

ಇವೆರಡು ತೊಂದರೆಗಳಿಗೂ ಸಂಬಂಧಪಟ್ಟಂತೆ ಎರಡು ಹೊಸ ಬತ್ತದ ತಳಿಗಳನ್ನು 2025ನೆಯ ಮೇ 4ರಂದು ಭಾರತ ಸರ್ಕಾರದವರು ಪ್ರಕಟಪಡಿಸಿದರು. ಇವುಗಳ ಸ್ವರೂಪವನ್ನೂ ಮಿತಿಯನ್ನೂ ಗ್ರಾಮದ ಮುಖಂಡರೂ ಭೂಮಾಲೀಕರೂ ಮೊದಲೇ ತಿಳಿದಿರುವುದು ಯುಕ್ತ.

ಹಿಂದಿನ ಕ್ರಮ

ಚೆನ್ನಾದ ತೆನೆಯನ್ನು ಆರಿಸಿ ಬೀಜಕ್ಕೆ ಇಡುವುದು ಪೂರ್ವಿಕರ ಪದ್ಧತಿ. ಅನಂತರ ಎರಡು ತಳಿಗಳನ್ನು ಸಂಕರಗೊಳಿಸುವ ಕ್ರಮವು ಬಂದಿತು. ಆಂಧ್ರ ಪ್ರದೇಶದ ಬಾಪಟ್ಲದಲ್ಲಿ ಹೀಗೆ ತಯಾರಾಗಿ 1986ರಲ್ಲಿ ಬಿಡುಗಡೆಯಾದ ಬಿ.ಪಿ.ಟಿ. 5204 ಎಂಬ ಸಾಂಬಾ ಮಸೂರಿ ತಳಿಯು ಅದರ ಸಣ್ಣಕ್ಕಿಯ ರುಚಿಯಿಂದಲೂ ಪೇಟೆಯ ಬೆಲೆಯಿಂದಲೂ ಹೆಸರಾಗಿದೆ. ಆದರೆ ಅದು ಕೊಯ್ಲಿಗೆ ಬರಲು ಹೆಚ್ಚು ಕಡಮೆ 150 ದಿನಗಳು ಬೇಕು. ಸಂಕರದಲ್ಲಿ ಬೇಕಾದ ಗುಣದೊಡನೆ ಬೇಡವಾದ ಗುಣಗಳೂ ಸೇರಿಬರುವುದರಿಂದ ಅವನ್ನು ಕಳೆಯಲು ಅನೇಕ ವರ್ಷಗಳು ಹಿಡಿಯುತ್ತವೆ.

ಹೊಸ ಕ್ರಮ

ಪೈರಿನ ಪ್ರತಿಯೊಂದು ಗುಣವೂ ಅದರ ಜೀವಕಣಗಳಲ್ಲಿರುವ ವಂಶವಾಹಿಗಳನ್ನು ಅನುಸರಿಸಿರುತ್ತದೆ. ಕೆಲವು ಬ್ಯಾಕ್ಟೀರಿಯಗಳು ತಮ್ಮ ಮೇಲೆ ಬೀಳುವ ವೈರಸ್ಸಿನ ವಂಶದ್ರವ್ಯವನ್ನು ಗುರುತಿಸಿ ಕತ್ತರಿಸಿಹಾಕುತ್ತವೆ. ಈ ಕತ್ತರಿಯನ್ನು ಬೇಕಾದ ಸ್ಥಳದಲ್ಲಿಯೇ ಪ್ರಯೋಗಿಸಬಹುದೆಂದು ಜೆನಿಫರ್ ಡೌಡ್ನಾ, ಎಮಾನ್ಯುಯೆಲ್ ಶಾರ್ಪಾಂಟಿಯೆ ಎಂಬ ವಿಜ್ಞಾನಿಗಳು 2012ರಲ್ಲಿ ತೋರಿಸಿಕೊಟ್ಟರು. ಇದಕ್ಕಾಗಿ ಅವರಿಗೆ 2020ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಬರೆದಿಟ್ಟ ಪತ್ರದಲ್ಲಿ ಒಂದು ಅಕ್ಷರವನ್ನು ತಿದ್ದಿ ಉಳಿದುದನ್ನು ಇದ್ದಂತೆಯೇ ಬಿಡುವ ಹಾಗೆ, ಈ ಕ್ರಮದಲ್ಲಿ ಒಂದು ವಂಶವಾಹಿಯನ್ನು ಮಾತ್ರ ತಿದ್ದಬಹುದು.

2002ರಲ್ಲಿ ನಮ್ಮ ದೇಶಕ್ಕೆ ಬಂದ ಬಿ.ಟಿ. ಹತ್ತಿಯಲ್ಲಿ ಮಣ್ಣಿನ ಒಂದು ಬ್ಯಾಕ್ಟೀರಿಯದ ವಂಶವಾಹಿಯನ್ನು ಸೇರಿಸಲಾಗಿದೆ. ಈ ಬತ್ತಗಳಲ್ಲಾದರೋ ಹಾಗೆ ಹೊರಗಿನ ವಂಶವಾಹಿಯನ್ನು ಉಳಿಸಿಲ್ಲ. ಇಂಥ ಸಸ್ಯಗಳಿಗೆ 1989ರ ಜೈವಿಕ ನಿಯಮಗಳ ಕೆಲವು ಭಾಗಗಳಿಂದ ಸರ್ಕಾರದವರು 2022ನೆಯ ಮಾರ್ಚ್‌ನಲ್ಲಿ ವಿನಾಯಿತಿ ಕೊಟ್ಟರು.

ಎರಡು ತಳಿಗಳು

ಮೊದಲನೆಯದು ಹೈದರಾಬಾದಿನ ಭಾರತೀಯ ಬತ್ತ ಸಂಶೋಧನಾ ಸಂಸ್ಥೆಯವರು ಸಾಂಬಾ ಮಸೂರಿಯಿಂದಲೇ ತಯಾರಿಸಿದ ಡಿ.ಆರ್.ಆರ್. ಧಾನ್ 100, ಅಥವಾ ಕಮಲಾ. ತೆನೆಯಲ್ಲಿ ಕಾಳು ಕಟ್ಟಲು ನೆರವಾಗುವ ಒಂದು ಸಸ್ಯರಸವನ್ನು ಪೈರು ತಾನೇ ಒಡೆದುಹಾಕುತ್ತಿರುತ್ತದೆ. ಹಾಗೆ ಒಡೆಯುವ ವಂಶವಾಹಿಯನ್ನು ತಿದ್ದಿದ್ದರಿಂದ ತೆನೆಗೆ ಕಾಳುಗಳು ಹೆಚ್ಚುತ್ತವೆ. ಸಂಸ್ಥೆಯ ಪ್ರಯೋಗಗಳ ಪ್ರಕಾರ ಇಳುವರಿಯು ಮೂಲ ತಳಿಗಿಂತ ನೂರಕ್ಕೆ 19ರಷ್ಟು ಹೆಚ್ಚು. ಪೈರು ಸುಮಾರು 20 ದಿನ ಮುಂಚೆ, ಎಂದರೆ 130 ದಿನಗಳ ಸುಮಾರಿಗೆ, ಕೊಯ್ಲಿಗೆ ಬರುತ್ತದೆ.

ಎರಡನೆಯದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಎಂ.ಟಿ.ಯು. 1010 ತಳಿಯಿಂದ ತಯಾರಿಸಿದ ಪೂಸಾ ಡಿ.ಎಸ್.ಟಿ. ರೈಸ್ 1. ಉಪ್ಪನ್ನೂ ಬರವನ್ನೂ ತಡೆಯುವುದಕ್ಕೆ ಸಂಬಂಧಿಸಿದ ವಂಶವಾಹಿಯನ್ನು ಇದರಲ್ಲಿ ತಿದ್ದಿದೆ. ಮೂಲ ತಳಿಗಿಂತ ಒಳನಾಡಿನ ಉಪ್ಪುನೆಲದಲ್ಲಿ ನೂರಕ್ಕೆ 9.66, ಕ್ಷಾರದ ನೆಲದಲ್ಲಿ 14.66, ಕರಾವಳಿಯ ಉಪ್ಪುನೆಲದಲ್ಲಿ 30.4ರಷ್ಟು ಅಧಿಕ ಇಳುವರಿ ಬಂದಿತೆಂದು ಪ್ರಕಟಿಸಿದ್ದಾರೆ. ತುಂಗಭದ್ರಾ ಸೀಮೆಯ ಚೌಳು ಒಳನಾಡಿನದು. ಆದಕಾರಣ ಅಲ್ಲಿಯ ರೈತರು ಕೊನೆಯ ಅಂಕಿಯನ್ನು ನೋಡಿ ಆಸೆಪಡತಕ್ಕದ್ದಲ್ಲ.

ಇಪ್ಪತ್ತು ದಿನಗಳ ಬೆಲೆ

ಗದ್ದೆಗೆ ದಿನವೊಂದಕ್ಕೆ ಕಾಲು ಅಂಗುಲ ನೀರು ಮಾತ್ರ ಬೇಕೆಂದು ಕಡಮೆಯಾಗಿಯೇ ಲೆಕ್ಕ ಹಿಡಿದರೂ 20 ದಿನಗಳಿಗೆ 5 ಅಂಗುಲವಾಗುತ್ತದೆ. ಒಂದು ಎಕರೆಯಲ್ಲಿ ಒಂದು ಅಂಗುಲ ನೀರೆಂದರೆ ಒಂದು ಲಕ್ಷ ಲೀಟರಿಗಿಂತ ಮೇಲಾಗುವುದರಿಂದ ಎಕರೆಗೆ 5 ಲಕ್ಷ ಲೀಟರು ಉಳಿಯುತ್ತದೆ. ಮೇಲುಗಾಲುವೆಯವರು ಈ ನೀರನ್ನು ಬಿಟ್ಟುಕೊಟ್ಟರೆ ಕೊನೆಯ ಭಾಗದವರ ಪೈರು ಹೊಡೆಯ ಕಾಲದಲ್ಲಿ ಒಣಗುವುದು ತಪ್ಪೀತು. ಬಿಟ್ಟುಕೊಡದೆ ತಮ್ಮ ಗದ್ದೆಯಲ್ಲಿಯೇ ನಿಲ್ಲಿಸಿಕೊಂಡರೆ ಜೌಗು ಹೆಚ್ಚುವುದೇ ಹೊರತು ಬೇರೆ ಫಲವಿಲ್ಲ. ಬೀಜವು ದಿನಗಳನ್ನು ಉಳಿಸೀತು; ಉಳಿದ ನೀರನ್ನು ಹಂಚುವ ಕೆಲಸ ಊರಿನವರದು.

ಬೀಜದಿಂದ ಆಗದ ಕೆಲಸ

ತಿದ್ದಿರುವುದು ಒಂದು ಗುಣದ ವಂಶವಾಹಿಯನ್ನು ಮಾತ್ರ; ಮೂಲ ತಳಿಯ ಉಳಿದ ಗುಣದೋಷಗಳು ಬಹುಮಟ್ಟಿಗೆ ಹಾಗೆಯೇ ಇರುತ್ತವೆ. ಆದುದರಿಂದ ರೋಗಗಳ ವಿಷಯದಲ್ಲಿ ಎಚ್ಚರ ತಪ್ಪಕೂಡದು. ಚೌಳನ್ನು ತಡೆಯುವ ಪೈರು ಚೌಳನ್ನು ನೆಲದಿಂದ ತೆಗೆಯಲಾರದು. ಬಸಿಗಾಲುವೆ ಮುಚ್ಚಿಹೋದ ಜಮೀನಿನಲ್ಲಿ ಇಂಥ ಬೀಜವನ್ನು ನಂಬಿ ಕುಳಿತರೆ ಉಪ್ಪು ವರ್ಷವರ್ಷಕ್ಕೂ ಏರಿ ಕೊನೆಗೆ ಆ ಪೈರನ್ನೂ ತಿನ್ನುವುದು. ಮಣ್ಣನ್ನು ಪರೀಕ್ಷೆ ಮಾಡಿಸಿ, ಕ್ಷಾರದ ನೆಲವಾದರೆ ಜಿಪ್ಸಂ ಹಾಕಿ ನೀರು ಬಸಿಯುವಂತೆ ಮಾಡಬೇಕು. ಬರಿಯ ಉಪ್ಪುನೆಲವಾದರೆ ಒಳ್ಳೆಯ ನೀರು ಕಟ್ಟಿ ಉಪ್ಪನ್ನು ತೊಳೆದು ಹೊರಗೆ ಹರಿಸಬೇಕು. ಇವೆರಡಕ್ಕೂ ಬಸಿಗಾಲುವೆಯೇ ಆಧಾರ.

ಮುಖಂಡರು ಮಾಡತಕ್ಕದ್ದು

ತಳಿ ಪ್ರಕಟವಾದ ಮಾತ್ರಕ್ಕೆ ಬೀಜವು ಕೈಗೆ ಬಂದಂತಲ್ಲ. ತಳಿ ಬೀಜ, ಮೂಲ ಬೀಜ, ಪ್ರಮಾಣಿತ ಬೀಜ ಎಂಬ ಮೂರು ಮೆಟ್ಟಲುಗಳನ್ನು ಅದು ದಾಟಬೇಕು. ತಿದ್ದುವ ಉಪಕರಣದ ಪೇಟೆಂಟ್ ಹಕ್ಕುಗಳ ಪ್ರಶ್ನೆಯೂ, ಪ್ರಯೋಗದ ವಿವರಗಳನ್ನು ಕುರಿತು 2025ರಲ್ಲಿ ಕೆಲವರು ಎತ್ತಿದ ಆಕ್ಷೇಪಣೆಗಳೂ ಇವೆ. ಹೊಸ ಹೆಸರು ಹೇಳಿಕೊಂಡು ಚೀಟಿಯಿಲ್ಲದ ಚೀಲವನ್ನು ಮಾರಲು ಬರುವವರನ್ನು ಊರಿನಲ್ಲಿ ನಂಬಬಾರದು. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಇರುತ್ತದೆ. ಅದನ್ನು ನೋಡಿ, ರಸೀತಿ ಪಡೆದು ಕೊಳ್ಳಬೇಕು. ಈ ತಳಿಗಳು ಹೈಬ್ರಿಡ್ ಅಲ್ಲವಾದ ಕಾರಣ ಬೆರಕೆಯಾಗದಂತೆ ಕಾಪಾಡಿದರೆ ಮುಂದಿನ ವರ್ಷಕ್ಕೆ ಸ್ವಂತ ಬೀಜವನ್ನು ಇಟ್ಟುಕೊಳ್ಳಬಹುದು.

ಬೀಜವು ಸಿಕ್ಕಿದ ವರ್ಷ ಇಡೀ ಜಮೀನಿಗೆ ಹಾಕದೆ, ಊರಿಗೊಂದು ಗದ್ದೆಯನ್ನು ಎರಡು ಸಮಭಾಗ ಮಾಡಿ, ಒಂದರಲ್ಲಿ ರೂಢಿಯ ತಳಿಯನ್ನೂ ಇನ್ನೊಂದರಲ್ಲಿ ಹೊಸದನ್ನೂ ಒಂದೇ ದಿನ ನಾಟಿಮಾಡಿಸಬೇಕು. ಗೊಬ್ಬರ, ನೀರು, ಕಳೆ ಎಲ್ಲವೂ ಸಮನಾಗಿರಲಿ. ಕೊಯ್ಲಾದ ಮೇಲೆ ಎಲ್ಲರ ಮುಂದೆ ತೂಕ ಹಾಕಿದರೆ ಲಾಭನಷ್ಟವನ್ನು ಪ್ರತಿಯೊಬ್ಬನೂ ಕಣ್ಣಾರೆ ಕಾಣುವನು. ಅಲ್ಲಿಯವರೆಗೆ ಕಾಲವನ್ನು ವ್ಯರ್ಥಮಾಡಬೇಕಾದುದಿಲ್ಲ. ಬೇಸಗೆಯಲ್ಲಿ ಊರಿನವರೆಲ್ಲ ಸೇರಿ ಬಸಿಗಾಲುವೆಗಳ ಹೂಳನ್ನೂ ಜೊಂಡನ್ನೂ ತೆಗೆದಿಟ್ಟರೆ ಹೊಸ ಬೀಜವು ಬರುವ ಹೊತ್ತಿಗೆ ನೆಲವು ಅದಕ್ಕೆ ಸಿದ್ಧವಾಗಿರುವುದು.