ಹರಾಜು ಗೆದ್ದ ಮೇಲೆ ಬರುವ ಬಿಲ್ಲು

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಹರಾಜು ಹೊಸದಲ್ಲ. ರಾಶಿ, ಚಾಲಿ, ಬೆಟ್ಟೆ ಅಡಿಕೆಯನ್ನು ಟೆಂಡರಿಗೆ ಇಟ್ಟಾಗ ಮಾಲು ಕಣ್ಣೆದುರೇ ಇರುತ್ತದೆ. ಇಬೇ ಎಂಬ ಆನ್‌ಲೈನ್ ಹರಾಜು ತಾಣದಲ್ಲಿ ಹಾಗಲ್ಲ, ಮಾಲು ಇರುವುದು ಅಮೆರಿಕದ ಯಾರದೋ ಮನೆಯಲ್ಲಿ. ಹಳೇ ಕ್ಯಾಮೆರಾ ಅಗ್ಗಕ್ಕೆ ಸಿಕ್ಕಿತು ಅಂತ ಬಿಡ್ ಹಾಕಿ ಗೆಲ್ಲುತ್ತೀರಿ. ಆಮೇಲೆ ಸಾಗಣೆ ಖರ್ಚು ನೋಡಿದರೆ ಎದೆ ಧಸಕ್ಕೆನ್ನುತ್ತದೆ.

ಯಾಕೆ ಅಷ್ಟು? ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ, ಪೆಟ್ಟಿಗೆ ಹಿಡಿಯುವ ಜಾಗವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಲೆಕ್ಕ. 40, 30, 30ರ ಪೆಟ್ಟಿಗೆ ಎಂದರೆ 7.2 ಕಿಲೋ. ಒಳಗಿರುವುದು 2 ಕಿಲೋ ಆದರೂ ದುಡ್ಡು 7.2ಕ್ಕೇ!

ಅಲ್ಲಿಗೂ ಮುಗಿಯಲಿಲ್ಲ. ಕಸ್ಟಮ್ಸ್‌ನವರು ಸುಂಕ ಹಾಕುವಾಗ ವಸ್ತುವಿನ ಬೆಲೆಗೆ ಸಾಗಣೆ, ವಿಮೆಯನ್ನೂ ಸೇರಿಸಿಕೊಳ್ಳುತ್ತಾರೆ. ಜಿಎಸ್‌ಟಿ ಅದರ ಮೇಲೆ. ಕೊರಿಯರ್ ಕಂಪನಿಯ ಕ್ಲಿಯರೆನ್ಸ್ ಶುಲ್ಕ ಬೇರೆ ಬರಬಹುದು.

ಅದಕ್ಕೇ ಬಿಡ್ ಹಾಕುವ ಮುಂಚೆ ಮಾರುವವರಿಗೆ ಒಂದು ಮೆಸೇಜ್ ಕಳಿಸಿ. ನಿಮ್ಮ ಪಿನ್ ಕೋಡ್ ಕೊಡಿ, ಶಿರಸಿಯಾದರೆ 581401. ಪ್ಯಾಕ್ ಮಾಡಿದ ಪೆಟ್ಟಿಗೆಯ ಅಳತೆ ಎಷ್ಟು, ಸಾಗಣೆಗೆ ಎಷ್ಟು, ಸುಂಕ ಯಾರು ಕಟ್ಟಬೇಕು ಎಂದು ಬರೆಸಿಕೊಳ್ಳಿ. ಉತ್ತರ ಬಾರದಿದ್ದರೆ ಆ ಹರಾಜು ಬಿಟ್ಟುಬಿಡಿ. ಒಬ್ಬರಿಂದಲೇ ಎರಡು ವಸ್ತು ಕೊಳ್ಳುವುದಾದರೆ ಒಂದೇ ಪೆಟ್ಟಿಗೆಯಲ್ಲಿ ಕಳಿಸುತ್ತೀರಾ ಅಂತ ಮೊದಲೇ ಕೇಳಿ.