ಎಣಿಕೆಗೂ ಬೇಕು ಗಡಿಯಾರ

ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನವನ್ನು ನೆನಪಿಸಿಕೊಳ್ಳಿರಿ. ಮಧ್ಯಾಹ್ನ ಮೂರು ಗಂಟೆಗೆ ಫಲಿತಾಂಶ ಎಂದು ಪ್ರಕಟಣೆ ಬಂದಿರುತ್ತದೆ. ಮೂರು ಹೊಡೆಯುವ ಮೊದಲೇ ಸಾವಿರಾರು ಮನೆಗಳಲ್ಲಿ ಅದೇ ಜಾಲತಾಣವನ್ನು ತೆರೆಯುತ್ತಾರೆ. ಕೆಲವರಿಗೆ ಪುಟ ಕೂಡಲೇ ಕಾಣಿಸುತ್ತದೆ. ಕೆಲವರಿಗೆ ಎಷ್ಟು ಕಾದರೂ ಬಾರದು. ಆಗ ಎದೆ ಡವಡವ ಎನ್ನುವುದು ಸಹಜ. ಜಾಲತಾಣವನ್ನು ನಡೆಸುವವರಿಗೂ ಆ ಹೊತ್ತಿನಲ್ಲಿ ಒಂದು ಚಿಂತೆ ಇರುತ್ತದೆ: ಈ ನಿಮಿಷದಲ್ಲಿ ಎಷ್ಟು ಕೋರಿಕೆಗಳು ಬರುತ್ತಿವೆ? ಅದನ್ನು ನಾಳೆ ತಿಳಿದು ಪ್ರಯೋಜನವಿಲ್ಲ. ಈಗಲೇ ತಿಳಿದರೆ ಮಾತ್ರ ಹೆಚ್ಚಿನ ವ್ಯವಸ್ಥೆ ಮಾಡಲು ಸಾಧ್ಯ.

ಒಂದು ಬಾಗಿಲು ಸಾಲದು

ನೀವು ಕೇಳಿದ ಪುಟವನ್ನು ಒದಗಿಸುವ ಗಣಕಯಂತ್ರವನ್ನು ಸರ್ವರ್ ಎನ್ನುವರು. ದೊಡ್ಡ ಜಾಲತಾಣಕ್ಕೆ ಒಂದು ಸರ್ವರ್ ಸಾಲದು. ಹಲವು ಸರ್ವರ್‌ಗಳು ಕೆಲಸವನ್ನು ಹಂಚಿಕೊಳ್ಳುತ್ತವೆ. ಇದು ನಾಲ್ಕು ಬಾಗಿಲುಗಳಿರುವ ಜಾತ್ರೆಯ ಗದ್ದೆಯಂತೆ. ಒಳಬಂದವರನ್ನು ಎಣಿಸಲು ಪ್ರತಿ ಬಾಗಿಲಿನಲ್ಲಿ ಒಬ್ಬ ಸ್ವಯಂಸೇವಕ ಬೇಕು.

ನಾಲ್ವರೂ ಒಂದೇ ಪುಸ್ತಕದಲ್ಲಿ ಬರೆದರೆ ಸಾಲದೇ? ಪುಸ್ತಕದಲ್ಲಿ 100 ಎಂದಿದೆ ಎಂದುಕೊಳ್ಳಿರಿ. ಇಬ್ಬರು ಒಮ್ಮೆಲೇ ಅದನ್ನು ಓದಿ, ತಲಾ ಒಂದನ್ನು ಕೂಡಿಸಿ, ಇಬ್ಬರೂ 101 ಎಂದೇ ಬರೆಯುತ್ತಾರೆ. ಬಂದವರು ಇಬ್ಬರು, ಲೆಕ್ಕಕ್ಕೆ ಸಿಕ್ಕಿದವರು ಒಬ್ಬರು! ಒಬ್ಬರು ಬರೆದು ಮುಗಿಸುವವರೆಗೆ ಉಳಿದವರು ಕಾಯಲಿ ಎಂದರೆ ಬಾಗಿಲಲ್ಲಿ ಸಾಲು ಬೆಳೆಯುತ್ತದೆ. ಆದ್ದರಿಂದ ಪ್ರತಿ ಸರ್ವರ್ ತನ್ನ ಲೆಕ್ಕವನ್ನು ತಾನೇ ಇಟ್ಟುಕೊಂಡು, ಆಗಾಗ ಒಂದು ಕೇಂದ್ರಕ್ಕೆ ಕಳುಹಿಸುವುದು ಜಾಣತನ. ಕೂಡಿಸುವ ಕೆಲಸ ಕೇಂದ್ರದ್ದು.

ಹೊತ್ತಿಗೊಂದು ಗುಳಿ

ದಿನದ ಒಟ್ಟು ಸಂಖ್ಯೆ ಬಸ್ಸು ಎಷ್ಟು ದೂರ ಓಡಿತು ಎಂದು ಹೇಳುವ ಮೀಟರಿನಂತೆ. ಈಗಿನ ವೇಗ ಅದರಿಂದ ತಿಳಿಯದು. ವೇಗ ತಿಳಿಯಲು ಕಾಲವನ್ನು ತುಂಡು ತುಂಡಾಗಿ ಎಣಿಸಬೇಕು.

ಚೆನ್ನೆಮಣೆಯನ್ನು ನೀವು ನೋಡಿರಬಹುದು. ಅದರ ಗುಳಿಗಳಲ್ಲಿ ಕಾಯಿಗಳನ್ನು ಹಾಕುತ್ತಾ ಹೋಗುತ್ತೇವೆ. ಅಂಥ 60 ಗುಳಿಗಳು ಗಡಿಯಾರದಂತೆ ದುಂಡಗೆ ಇವೆ ಎಂದು ಭಾವಿಸಿರಿ. ಒಂದು ಗುಳಿ ಒಂದು ಸೆಕೆಂಡಿಗೆ. ಕೋರಿಕೆ ಬಂದಾಗಲೆಲ್ಲ ಆ ಸೆಕೆಂಡಿನ ಗುಳಿಗೆ ಒಂದು ಕಾಯಿ. ಸುತ್ತು ಮುಗಿದು ಮತ್ತೆ ಮೊದಲ ಗುಳಿಗೆ ಬಂದಾಗ ಅಲ್ಲಿನ ಹಳೆಯ ಕಾಯಿಗಳನ್ನು ತೆಗೆದು ಹೊಸದಾಗಿ ಆರಂಭಿಸಬೇಕು. ಎಲ್ಲ ಗುಳಿಗಳನ್ನು ಕೂಡಿಸಿದರೆ ಕಳೆದ ಒಂದು ನಿಮಿಷದ ಲೆಕ್ಕ ಸಿಗುತ್ತದೆ. ದಿನವಿಡೀ ಎಣಿಸಿದರೂ 60 ಗುಳಿಗಳೇ ಸಾಕು.

ಮೂರು ಸರ್ವರ್‌ಗಳು ಒಂದು ನಿಮಿಷದಲ್ಲಿ 1200, 1150, 1250 ಎಂದು ಎಣಿಸಿದವೆನ್ನೋಣ, ಒಟ್ಟು 3600. ಮರುನಿಮಿಷ 2400, 2350, 2450 ಆದರೆ ಒಟ್ಟು 7200. ಸಂಖ್ಯೆ ಇಮ್ಮಡಿಯಾಯಿತು! ಇನ್ನಷ್ಟು ಸರ್ವರ್‌ಗಳನ್ನು ಸೇರಿಸುವ ಹೊತ್ತು ಇದೇ ಎಂದು ನೋಡುವವರಿಗೆ ತಿಳಿಯುತ್ತದೆ.

ಎಲ್ಲರ ಗಡಿಯಾರ ಒಂದೇ ಆಗಲಿ

ಜಾತ್ರೆಯ ಒಬ್ಬ ಸ್ವಯಂಸೇವಕನ ಕೈಗಡಿಯಾರ ಎರಡು ನಿಮಿಷ ಮುಂದಿದ್ದರೆ ಏನಾದೀತು? ಅವನು 3:00ಕ್ಕೆ ಬಂದವರನ್ನು 3:02ರ ಲೆಕ್ಕಕ್ಕೆ ಬರೆಯುತ್ತಾನೆ. ಎಣಿಸಿದ್ದು ಸರಿ, ಬರೆದ ಜಾಗ ತಪ್ಪು. ಸರ್ವರ್‌ಗಳಿಗೂ ಈ ತೊಂದರೆ ಉಂಟು. ಗಣಕಯಂತ್ರದ ಗಡಿಯಾರ ಸ್ಫಟಿಕದ ಕಂಪನದಿಂದ ನಡೆಯುತ್ತದೆ. ಬಿಸಿ, ತಂಪುಗಳಿಂದ ಆ ಕಂಪನ ತುಸು ಬದಲಾಗಿ, ಗಡಿಯಾರ ಮುಂದೆಯೋ ಹಿಂದೆಯೋ ಸರಿಯುತ್ತದೆ.

ಇದನ್ನು ಸರಿಪಡಿಸಲು ಅಮೆರಿಕದ ವಿಜ್ಞಾನಿ ಡೇವಿಡ್ ಮಿಲ್ಸ್ ರೂಪಿಸಿದ ಎನ್.ಟಿ.ಪಿ. ಎಂಬ ವಿಧಾನ 1985ರಲ್ಲಿ ಪ್ರಕಟವಾಯಿತು. ಗಣಕಯಂತ್ರವು ನಂಬಬಹುದಾದ ಗಡಿಯಾರವನ್ನು ಸಮಯ ಕೇಳುತ್ತದೆ. ಪ್ರಶ್ನೆ ಹೋಗಿ ಉತ್ತರ ಬರಲು ತಗಲಿದ ಅವಧಿಯನ್ನೂ ಲೆಕ್ಕಕ್ಕೆ ಹಿಡಿದು ತನ್ನನ್ನು ತಿದ್ದಿಕೊಳ್ಳುತ್ತದೆ. ಭಾರತದ ಕಾಲಮಾನವನ್ನು ಹೊಸದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಸೀಸಿಯಂ ಪರಮಾಣು ಗಡಿಯಾರಗಳ ನೆರವಿನಿಂದ ಕಾಯ್ದುಕೊಂಡು ಬರುತ್ತಿದೆ.

ಸೊನ್ನೆಯೋ, ಗೈರುಹಾಜರಿಯೋ?

ಒಂದು ಸರ್ವರ್‌ನ ಲೆಕ್ಕ ಕೇಂದ್ರಕ್ಕೆ ತಲುಪಲಿಲ್ಲ ಎನ್ನಿ. ಅಲ್ಲಿ ಸೊನ್ನೆ ಎಂದು ಬರೆಯಬಹುದೇ? ನಿಮ್ಮ ಅಂಕಪಟ್ಟಿಯನ್ನು ನೆನೆಯಿರಿ. ಪರೀಕ್ಷೆ ಬರೆದು ಸೊನ್ನೆ ಪಡೆಯುವುದು ಬೇರೆ, ಗೈರುಹಾಜರಾಗುವುದು ಬೇರೆ. ಲೆಕ್ಕ ಬಾರದಿರುವುದನ್ನು ಸೊನ್ನೆ ಎಂದು ತಿಳಿದರೆ, ಒತ್ತಡದಿಂದ ಕುಸಿದು ಬಿದ್ದ ಸರ್ವರ್ ಸುಮ್ಮನೆ ಬಿಡುವಾಗಿದೆ ಎಂದು ಭ್ರಮಿಸಿದಂತಾಗುತ್ತದೆ. ಆದ್ದರಿಂದ ಇತ್ತೀಚಿನ ಕೆಲವು ಸೆಕೆಂಡುಗಳ ಮೊತ್ತವನ್ನು ಲೆಕ್ಕಗಳೆಲ್ಲ ಬಂದು ಸೇರುವವರೆಗೆ ತಾತ್ಕಾಲಿಕವೆಂದೇ ತಿಳಿಯಬೇಕು.

ಇನ್ನೊಂದು ಎಚ್ಚರ: ಕೋರಿಕೆಗಳ ಸಂಖ್ಯೆ ಜನರ ಸಂಖ್ಯೆಯಲ್ಲ. ಆತಂಕಗೊಂಡ ಒಬ್ಬ ವಿದ್ಯಾರ್ಥಿ ಹತ್ತು ಬಾರಿ ಪುಟ ತೆರೆದರೆ ಕೋರಿಕೆ ಹತ್ತು, ವ್ಯಕ್ತಿ ಒಬ್ಬನೇ. ಅವನ ಕೋರಿಕೆಗಳು ಬೇರೆ ಬೇರೆ ಸರ್ವರ್‌ಗಳಿಗೆ ಹೋಗಿರಲೂಬಹುದು.

ಜಾಲತಾಣದ ಮೂಲೆಯಲ್ಲಿ ಓಡುವ ಸಂಖ್ಯೆಯನ್ನು ಇನ್ನು ಮುಂದೆ ಕಂಡಾಗ ಕೇಳಿ ನೋಡಿರಿ: ಇದು ಏನನ್ನು ಎಣಿಸುತ್ತಿದೆ? ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ? ಎಲ್ಲ ಬಾಗಿಲುಗಳ ಲೆಕ್ಕವೂ ಬಂದಿದೆಯೇ? ಈ ಮೂರಕ್ಕೆ ಉತ್ತರ ಸಿಕ್ಕಿದ ಸಂಖ್ಯೆಯನ್ನೇ ನಂಬಬಹುದು.

ಅಭ್ಯಾಸ

1. ಹಲವು ಸರ್ವರ್‌ಗಳು ಒಂದೇ ಲೆಕ್ಕಪುಸ್ತಕವನ್ನು ಬಳಸಿದರೆ ಆಗುವ ತೊಂದರೆ ಯಾವುದು?
2. ‘ಎಣಿಸಿದ್ದು ಸರಿ, ಬರೆದ ಜಾಗ ತಪ್ಪು’ – ಈ ಮಾತನ್ನು ವಿವರಿಸಿರಿ.
3. ನಿಮ್ಮ ಶಾಲೆಯ ಎರಡು ಬಾಗಿಲುಗಳಲ್ಲಿ ಬೆಳಗ್ಗೆ ಹತ್ತು ನಿಮಿಷಗಳ ಕಾಲ, ನಿಮಿಷಕ್ಕೊಂದರಂತೆ ಲೆಕ್ಕ ಬರೆಯಿರಿ. ಎರಡನ್ನೂ ಕೂಡಿಸಿ, ಅತಿ ಹೆಚ್ಚು ಮಂದಿ ಬಂದ ನಿಮಿಷವನ್ನು ಗುರುತಿಸಿರಿ.