ಟ್ಯಾಪೆಟ್ ಕವರಿಗೆ ಹದದ ಬಿಗಿ

ಹಾನಗಲ್ಲ, ಹಿರೇಕೆರೂರು ಭಾಗದಲ್ಲಿ ಗೋವಿನಜೋಳದ ಸುಗ್ಗಿ ಶುರುವಾದರೆ ಲಾರಿಗಳಿಗೆ ಪುರುಸೊತ್ತಿಲ್ಲ. ಸವಣೂರಿನ ವೀಳ್ಯದೆಲೆಯಂತೂ ಬಾಡುವುದರೊಳಗೆ ಪೇಟೆ ಸೇರಬೇಕು. ಶಿಗ್ಗಾವಿ ದಾಟಿ ಹುಬ್ಬಳ್ಳಿಯತ್ತ ಹೋಗುವ ಹೆದ್ದಾರಿಯಲ್ಲಿ ಗಾಡಿ ನಿಂತರೆ ಬಾಡಿಗೆಯೂ ನಿಂತಂತೆ. ಹಾಗಾಗಿ ಎಂಜಿನ್ ತಲೆಯ ಮೇಲೆ ಆಯಿಲ್ ಜಿನುಗಿದರೆ, ಸ್ವಂತ ಲಾರಿ ಓಡಿಸುವವರು ಗ್ಯಾರೇಜಿನ ಸರದಿ ಕಾಯದೆ ಮನೆ ಮುಂದೆಯೇ ಪಾನಾ ಹಿಡಿಯುವುದುಂಟು.

ಟಾಟಾದ 697 ಡೀಸೆಲ್ ಎಂಜಿನ್ನನ್ನೇ ತೆಗೆದುಕೊಳ್ಳಿ. 6 ಸಿಲಿಂಡರ್, 12 ವಾಲ್ವ್. ಅವುಗಳನ್ನು ಒತ್ತುವ ರಾಕರ್‌ಗಳು ಸದಾ ಆಯಿಲಿನಲ್ಲಿ ನೆನೆದಿರಬೇಕು. ಆ ಆಯಿಲ್ ಹೊರಗೆ ಬರದಂತೆ, ಹೊರಗಿನ ಧೂಳು ಒಳಗೆ ಹೋಗದಂತೆ ಕಾಯುವುದೇ ಟ್ಯಾಪೆಟ್ ಕವರ್. ಕವರಿಗೂ ಹೆಡ್ಡಿಗೂ ನಡುವೆ ಕಾರ್ಕ್ ಅಥವಾ ರಬ್ಬರಿನ ಪ್ಯಾಕಿಂಗ್ ಇರುತ್ತದೆ. ವರ್ಷಗಟ್ಟಲೆ ಕಾವು ತಿಂದು ಅದು ಗಡುಸಾಗಿ ಸೀಳುತ್ತದೆ. ಸೋರಿದ ಆಯಿಲ್ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಮೊದಲು ಕಮಟು ವಾಸನೆ, ಆಮೇಲೆ ಹೊಗೆ. ಬೆಂಕಿಯ ಭಯವೂ ಇದೆ.

ಬಲ್ಲವರ ಕೆಲಸ ನೋಡುವಂತಿರುತ್ತದೆ. ಎಂಜಿನ್ ಪೂರ್ತಿ ಆರುವವರೆಗೆ ಅವರು ಕೈ ಹಾಕುವುದಿಲ್ಲ. ಕವರಿನ ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ತೆಗೆದ ಮೇಲೆಯೇ ಬೋಲ್ಟಿಗೆ ಪಾನಾ. ಕವರ್ ಅಂಟಿಕೊಂಡಿದ್ದರೆ ಸಂದಿಗೆ ಸ್ಕ್ರೂ ಡ್ರೈವರ್ ತೂರಿಸುವುದಿಲ್ಲ. ಅಂಚಿಗೆ ಗೀರು ಬಿದ್ದರೆ ಅದೇ ನಾಳೆಯ ಸೋರಿಕೆ. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಎಬ್ಬಿಸುತ್ತಾರೆ.

ಬಿಚ್ಚಿದ ಕವರನ್ನು ಮಗುಚಿ ನೋಡುವುದು ಒಂದು ಪರೀಕ್ಷೆ. ಒಳಮೈಯಲ್ಲಿ ಮಜ್ಜಿಗೆಯಂಥ ಬಿಳಿ ನೊರೆ ಕಂಡರೆ ಆಯಿಲಿಗೆ ನೀರು ಸೇರಿದೆ ಎಂದರ್ಥ. ಹೆಡ್ ಪ್ಯಾಕಿಂಗ್ ಮೇಲೂ ಅನುಮಾನ ಬರುತ್ತದೆ. ಕರಿ ಕೆಸರು ಕಟ್ಟಿದ್ದರೆ ಆಯಿಲ್ ಬದಲಿಸುವ ಗಡುವು ಮೀರಿದೆ. ಬ್ರೀದರ್ ಪೈಪು ಕಟ್ಟಿದ್ದರೆ ಎಂಜಿನ್ನಿನೊಳಗೆ ಒತ್ತಡ ಏರಿ ಹೊಸ ಪ್ಯಾಕಿಂಗನ್ನೂ ದೂಡುತ್ತದೆ. ಅದನ್ನು ಊದಿ ನೋಡದೆ ಮುಂದೆ ಹೋಗುವಂತಿಲ್ಲ.

ಹೆಚ್ಚು ಹೊತ್ತು ಹಿಡಿಯುವುದು ಹಳೆಯ ಪ್ಯಾಕಿಂಗ್ ಕೆರೆಯುವ ಕೆಲಸ. ಚೂರು ಒಳಗೆ ಬೀಳದಂತೆ ತೂತುಗಳಿಗೆ ಬಟ್ಟೆ ತುರುಕಬೇಕು, ಎಷ್ಟು ತುರುಕಿದೆವೆಂದು ಎಣಿಸಿಟ್ಟುಕೊಳ್ಳಬೇಕು. ಎರಡೂ ಅಂಚುಗಳಲ್ಲಿ ಆಯಿಲಿನ ಜಿಡ್ಡು ಉಳಿಯಬಾರದು. ಕವರ್ ತಗಡಿನದಾದರೆ ಬೋಲ್ಟ್ ತೂತಿನ ಸುತ್ತ ತಗ್ಗು ಬಿದ್ದಿರುತ್ತದೆ. ಸಪಾಟು ಕಬ್ಬಿಣದ ಮೇಲಿಟ್ಟು ತಟ್ಟಿ ಸಮ ಮಾಡುತ್ತಾರೆ. ತೀರಾ ಸೊಟ್ಟಗಾಗಿದ್ದರೆ, ಬಿರುಕು ಬಿಟ್ಟಿದ್ದರೆ ಹೊಸ ಕವರೇ ಗತಿ.

ಆ ತಗ್ಗು ಬೀಳಲು ಕಾರಣ ಮೊದಲು ಬಿಗಿದ ಕೈ. ಜಿನುಗಿತೆಂದು ಮತ್ತೆ ಬಿಗಿದರೆ ಬೋಲ್ಟಿನ ಬುಡದಲ್ಲಿ ಪ್ಯಾಕಿಂಗ್ ಜಜ್ಜಿ, ಎರಡು ಬೋಲ್ಟಿನ ನಡುವೆ ಕವರ್ ಬಿಲ್ಲಿನಂತೆ ಏಳುತ್ತದೆ. ಸೋರಿಕೆ ಇನ್ನೂ ಜೋರು. ಆದ್ದರಿಂದ ಎಲ್ಲ ಬೋಲ್ಟನ್ನೂ ಮೊದಲು ಬೆರಳಲ್ಲೇ ತಿರುವಿ ಕೂರಿಸಿ, ನಡುವಿನಿಂದ ಅಂಚಿನ ಕಡೆಗೆ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಅಳತೆ ಕಂಪನಿಯ ಕೈಪಿಡಿಯಲ್ಲಿರುತ್ತದೆ; 6 ಮಿ.ಮೀ. ಬೋಲ್ಟಿಗೆ ಅದು ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು. ಹುಡುಗ ಪಾನಾದ ಮೇಲೆ ಮೈಭಾರ ಬಿಟ್ಟರೆ ಮಿಸ್ತ್ರಿ ಗದರುತ್ತಾನೆ: “ಸಾಕ್ ಬಿಡೋ ತಮ್ಮಾ, ಇನ್ನ ತಿರುವಿದ್ರ ಪ್ಯಾಕಿಂಗ್ ಹೊರಗ ಬರ್ತದ.”

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿಗಳಲ್ಲಿ ಸೆನ್ಸರು, ವೈರುಗಳ ಗೊಂದಲ ಹೆಚ್ಚು. ಅಲ್ಲಿ ಮನೆ ಮುಂದಿನ ರಿಪೇರಿಗೆ ಮಿತಿಯಿದೆ. ಹಳೆಯ ಗಾಡಿಗಾದರೆ ಒಂದು ಬೆಳಗ್ಗೆ ಸಾಕು. ಕೊನೆಗೆ ಎಂಜಿನ್ ಚಾಲೂ ಮಾಡಿ, ಕಾವೇರಿದ ಮೇಲೆ ಬೋಲ್ಟುಗಳ ಸುತ್ತ ಬ್ಯಾಟರಿ ಬೆಳಕು ಹಾಯಿಸಿ ನೋಡಬೇಕು. ಅಂಚು ಒಣಗಿದ್ದರೆ ಲೋಡಿಗೆ ಹೊರಡಬಹುದು. ಜಿನುಗಿದರೆ ಪಾನಾ ಕೆಳಗಿಟ್ಟು, ಬಿಚ್ಚಿ, ಮತ್ತೆ ಒರೆಸುವುದೇ ದಾರಿ.